ಟೈಟಣ್ಣನ ಷೆಡ್ಡು

ಹೊಟ್ಟೆಕಿಚ್ಚು ಬಚ್ಚಿಡುವ ವಸ್ತು ಎಂದು ಜನ ತಿಳಿದಿದ್ದಾರೆ. ನಮ್ಮ ದೊಡ್ಡ ಭಾವ ಅದಕ್ಕೆ ನಾಲ್ಕು ಗೋಡೆ, ಒಂದು ಬಾಗಿಲು, ಮೇಲೊಂದು ಸೂರು ಮಾಡಿ ಹಿತ್ತಲಲ್ಲಿ ನಿಲ್ಲಿಸಿದರು. ಇವತ್ತಿಗೂ ಅಲ್ಲೇ ಇದೆ, ಹೋದವರು ನೋಡಬಹುದು.

ಭಾವ, ಅಂದರೆ ನನ್ನ ದೊಡ್ಡಕ್ಕನ ಗಂಡ, ಪ್ಲಂಬರ್. ಪೇಟೆಯಲ್ಲಿ ಅವರಿಗೆ ಟೈಟಣ್ಣ ಎಂದು ಹೆಸರು. ಕುಡಿತಕ್ಕೂ ಈ ಹೆಸರಿಗೂ ಸಂಬಂಧವಿಲ್ಲ. ನಲ್ಲಿ, ಪೈಪು, ಟ್ಯಾಂಕು, ಏನೇ ರಿಪೇರಿ ಮಾಡಲಿ, ಎಲ್ಲ ಮುಗಿದ ಮೇಲೂ ಸ್ಪ್ಯಾನರ್ ಹಾಕಿ ಇನ್ನೊಂದು ಸುತ್ತು ಬಿಗಿದು, "ಟೈಟ್ ಮಾಡಿದೀನಿ, ಇನ್ನು ನಿಶ್ಚಿಂತೆ" ಎನ್ನುತ್ತಾರೆ. ಅವರು ಬಿಗಿದದ್ದು ಮತ್ತೆ ಸೋರಿದ್ದನ್ನು ನಾನು ಕಂಡಿಲ್ಲ. ಊಟಕ್ಕೆ ಹೋದ ಮನೆಯಲ್ಲಿ ಬಚ್ಚಲಿನ ನಲ್ಲಿ ತೊಟ್ಟಿಕ್ಕುತ್ತಿದ್ದರೆ ಅವರ ಗಂಟಲಲ್ಲಿ ತುತ್ತು ಇಳಿಯುವುದಿಲ್ಲ. ಕೈ ತೊಳೆಯುವ ನೆವದಲ್ಲಿ ಎದ್ದು ಹೋಗಿ ಸರಿಮಾಡಿಯೇ ಬಂದು ಕೂರುತ್ತಾರೆ.

ಅವರಿಗೊಬ್ಬ ಷಡ್ಡಕ. ನನ್ನ ಸಣ್ಣಕ್ಕನ ಗಂಡ, ವಿಮಾ ಕಚೇರಿಯಲ್ಲಿ ಗುಮಾಸ್ತ. ಬೆಣ್ಣೆಯಂಥ ಮಾತು, ಅದಕ್ಕಿಂತ ಮೆತ್ತಗಿನ ಕೈ. ಮೊಳೆ ಹೊಡೆಯಲು ಹೋದರೆ ಹೆಬ್ಬೆರಳಿಗೇ ಹೊಡೆದುಕೊಳ್ಳುತ್ತಾರೆ. ಈ ಸಣ್ಣ ಭಾವ ತಮ್ಮ ಮನೆಯ ಮೆಟ್ಟಿಲ ಕೆಳಗೆ, ಹಳೆ ಚಪ್ಪಲಿ, ಮುರಿದ ಕೊಡೆಗಳ ನಡುವೆ ಒಂದೆರಡು ಜಾಡಿಯಿಟ್ಟುಕೊಂಡು ದ್ರಾಕ್ಷಿ ವೈನ್ ಮಾಡುತ್ತಿದ್ದರು. ಒಂದು ಭಾನುವಾರ ನಾವೆಲ್ಲ ಅಲ್ಲಿ ಊಟಕ್ಕೆ ಸೇರಿದಾಗ ಲೋಟಕ್ಕೆ ಬಗ್ಗಿಸಿ ಕೊಟ್ಟರು. ದೊಡ್ಡಕ್ಕ ಒಂದು ಗುಟುಕು ಕುಡಿದಳು, ಕಣ್ಣು ಮುಚ್ಚಿದಳು, ಆಮೇಲೆ ಹೇಳಿದಳು: "ಇಂಥ ಕೈ ಎಲ್ಲರಿಗೂ ಬರಲ್ಲ ಬಿಡಿ."

ನಾನು ದೊಡ್ಡ ಭಾವನ ಪಕ್ಕದಲ್ಲೇ ಕೂತಿದ್ದೆ. ಅವರ ಮುಖ ನೋಡಿ ಹಲ್ಲುನೋವೇನೋ ಅಂದುಕೊಂಡೆ. ವಾಪಸು ಬರುವಾಗ ಅಕ್ಕನನ್ನು ಮುಂದೆ ಬಿಟ್ಟು ನನ್ನ ತೋಳು ಹಿಡಿದರು.

"ನಿಜ ಹೇಳು, ಅಷ್ಟು ಚೆನ್ನಾಗಿತ್ತಾ ಅದು?"

"ಚೆನ್ನಾಗೇ ಇತ್ತು ಭಾವ."

"ನಿಮ್ಮಕ್ಕ ಕಣ್ಣು ಮುಚ್ಚಿದ್ಲು, ನೋಡಿದೆ ತಾನೆ? ಮದುವೆ ಆದಾಗಿನಿಂದ ನಾನು ಆ ಮುಖ ಕಂಡಿಲ್ಲ. ಮೊಳೆ ಹೊಡೆಯೋಕೆ ಬರದ ಕೈ ಅವನದು. ನನ್ನ ಕೈಗೇನಾಗಿದೆ?" ಎಂದು ಎರಡೂ ಕೈ ಮುಂದೆ ಹಿಡಿದರು. ಗಂಟುಗಂಟಾದ ಬೆರಳು, ಉಗುರ ಸಂದಿಯಲ್ಲಿ ಗ್ರೀಸು. "ಒಂದೇ ಒಂದು ಸಲ ನನಗೂ ಹಾಗೆ ಹೇಳ್ಬೇಕು ಅವಳು. ಅಷ್ಟೇ."

ಹಿತ್ತಲ ಗಿಡ ಮದ್ದಲ್ಲ ಭಾವ, ಎನ್ನೋಣವೆಂದುಕೊಂಡೆ. ಅವರ ಕಣ್ಣು ನೋಡಿ, "ಹೇಳ್ತಾಳೆ ಬಿಡಿ" ಎಂದೆ.

ಮರುವಾರವೇ ಹಿತ್ತಲಲ್ಲಿ ದಾರ ಕಟ್ಟಿ ಅಡಿಪಾಯ ಅಗೆದರು. ಬಿಸಿಲು ಬೀಳದ ಮೂಲೆ ನೋಡಿ ಸಿಮೆಂಟ್ ಇಟ್ಟಿಗೆಯ ಗೋಡೆ ಎಬ್ಬಿಸಿದರು. ತಗಡಿನ ಸೂರು ಕಾದು ಒಳಗೆ ಸೆಕೆಯಾಗಬಾರದೆಂದು ಕೆಳಗಿನಿಂದ ಥರ್ಮೋಕೋಲ್ ಹೊಡೆದರು. ನೆಲವನ್ನು ಒಂದು ಮೂಲೆಗೆ ಇಳಿಜಾರು ಮಾಡಿ ಅಲ್ಲೊಂದು ಜಾಲರಿ ಕೂರಿಸಿದರು. ತೊಳೆದ ನೀರು ಒಂದು ಹನಿ ನಿಲ್ಲುವುದಿಲ್ಲ. ಎಡಗೋಡೆಗೆ ಜಾಡಿಗಳನ್ನಿಡಲು ಕಟ್ಟೆ. ಬಲಗೋಡೆಗೆ ಕೆಲಸದಲ್ಲಿ ಉಳಿದ ದಪ್ಪ ಪೈಪುಗಳನ್ನು ಗೇಣುದ್ದಕ್ಕೆ ಕತ್ತರಿಸಿ ಒಂದರ ಮೇಲೊಂದು ಜೋಡಿಸಿದ ಗೂಡು, ಒಂದೊಂದು ತುಂಡಿನೊಳಗೆ ಒಂದೊಂದು ಬಾಟಲಿ ಮಲಗುವಂತೆ. ಕೆಲವರು ವಾಸಕ್ಕೆ ಕಟ್ಟಿಸಿದ ಮನೆಯೂ ಅಷ್ಟು ಅಚ್ಚುಕಟ್ಟಾಗಿರುವುದಿಲ್ಲ.

ಅಕ್ಕ ಬಾಗಿಲಲ್ಲಿ ನಿಂತು ಇಣುಕಿದಳು. "ಬಟ್ಟೆ ಒಣಹಾಕೋ ಜಾಗ ಹೋಯ್ತು," ಎಂದಳು. ಆಮೇಲೆ, ಉರಿಯುವ ಬೆಂಕಿಗೆ ತುಪ್ಪ ಸುರಿದಂತೆ, "ಶುರು ಮಾಡೋ ಮುಂಚೆ ನನ್ನ ತಂಗಿ ಮನೆಯವರನ್ನ ಒಂದು ಮಾತು ಕೇಳಿ ರೀ. ಅವರಿಗೆ ಅನುಭವ ಇದೆ," ಎಂದಳು.

"ಅವನನ್ನ ಕೇಳಿ ಮಾಡಿದ್ರೆ ಅದು ಅವನ ವೈನ್ ಆಗುತ್ತೆ," ಎಂದರು ಭಾವ.

ಕೇಳಲಿಲ್ಲ. ದ್ರಾಕ್ಷಿ ತಂದು, ಬಿಡಿಸಿ, ತೊಳೆದು, ಹಿಸುಕಿ, ಸಕ್ಕರೆ ಈಸ್ಟ್ ಬೆರೆಸಿ ಗಾಜಿನ ಜಾಡಿಗಳಿಗೆ ತುಂಬಿದರು. ಈಸ್ಟ್ ಮಾರಿದ ಅಂಗಡಿಯವನು ಹೇಳಿಕೊಟ್ಟಂತೆ ಪ್ರತಿ ಮುಚ್ಚಳಕ್ಕೂ ತೂತು ಕೊರೆದು ಒಂದು ಸಣ್ಣ ಕೊಳವೆ ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ನೀರಿನ ಬಟ್ಟಲಲ್ಲಿ ಮುಳುಗಿಸಿದರು. ರಸ ಹುದುಗುವಾಗ ಹುಟ್ಟುವ ಗಾಳಿ ಹೊರಗೆ ಹೋಗಬೇಕು, ಹೊರಗಿನ ಗಾಳಿ ಒಳಗೆ ಬರಬಾರದು, ಅದಕ್ಕೆ ಈ ಏರ್ಪಾಡು. ಬೇಗನೆ ಎಲ್ಲ ಬಟ್ಟಲುಗಳೂ ಗುಳುಕ್ ಗುಳುಕ್ ಎನ್ನತೊಡಗಿದವು. ವೈನ್ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಲಕ್ಷಣ ಬೇರಿಲ್ಲವಂತೆ.

ಆದರೆ ಜೀವಮಾನವೆಲ್ಲ ಸೋರಿಕೆ ನಿಲ್ಲಿಸಿದ ಮನುಷ್ಯ ಭಾವ. ಷೆಡ್ಡಿನ ತುಂಬ ತೊಟ್ಟಿಕ್ಕುವ ಸದ್ದು. ಅಡುಗೆಮನೆಯಲ್ಲಿ ಕೂತರೂ ಅವರ ಕಿವಿ ಹಿತ್ತಲಲ್ಲಿ. "ಆ ಗಾಳಿ ಜೊತೆ ಘಮಾನೂ ಹೋಗ್ತಿದೆ ಕಣೋ. ಘಮ ಹೋದ ಮೇಲೆ ನಿಮ್ಮಕ್ಕ ಏನಂತ ಹೊಗಳ್ತಾಳೆ?" ಎಂದು ನನ್ನನ್ನು ಕೇಳಿದರು. ನನಗೇನು ಗೊತ್ತು? ಪಂಡಿತನ ಹಾಗೆ ತಲೆಯಾಡಿಸಿದೆ. ಅವರು ಕೊಳವೆಗಳನ್ನೆಲ್ಲ ಕಿತ್ತರು, ತೂತುಗಳಿಗೆ ಬೆಣೆ ಹೊಡೆದರು, ಮುಚ್ಚಳಕ್ಕೆ ರಬ್ಬರ್ ವಾಷರ್ ಕೂರಿಸಿ, ಟೇಪು ಸುತ್ತಿ, ದೊಡ್ಡ ಸ್ಪ್ಯಾನರ್ ಹಾಕಿ ಇನ್ನೊಂದು ಸುತ್ತು ಬಿಗಿದರು. ಷೆಡ್ಡು ಗಪ್‌ಚಿಪ್ ಆಯಿತು. ಭಾವನಿಗೆ ಹಸಿವಾಯಿತು.

ಮಾರನೆಯ ದಿನ ಮಧ್ಯಾಹ್ನ ನಾವು ಉಣ್ಣುತ್ತಿದ್ದಾಗ ಮೊದಲನೆಯ ಜಾಡಿ ಒಡೆಯಿತು. ಪಟಾಕಿಯ ಸದ್ದು. ನಾವು ಏಳುವಷ್ಟರಲ್ಲಿ ಇನ್ನೊಂದು. ಬಾಗಿಲು ತೆಗೆದರೆ ಥರ್ಮೋಕೋಲ್ ತುಂಬ ದ್ರಾಕ್ಷಿ ಸಿಪ್ಪೆ, ನೆಲದ ತುಂಬ ಗಾಜು. ರಸ ಮಾತ್ರ ಎಲ್ಲೂ ನಿಲ್ಲದೆ, ಇಳಿಜಾರು ಹಿಡಿದು ಜಾಲರಿಯ ಕಡೆ ಶಿಸ್ತಾಗಿ ಹರಿದು ಹೋಗುತ್ತಿತ್ತು.

ಒಳಗೆ ಕಾಲಿಡಲು ಭಾವ ಚಪ್ಪಲಿ ಮೆಟ್ಟುವಷ್ಟರಲ್ಲಿ ಅಕ್ಕ ತಂಗಿಗೆ ಫೋನ್ ಮಾಡಿಯಾಗಿತ್ತು. ಸಣ್ಣ ಭಾವ ಸ್ಕೂಟರ್ ಹತ್ತಿ ಓಡಿಬಂದರು. ದಪ್ಪ ಕಂಬಳಿಯೊಂದನ್ನು ಒಂದೊಂದೇ ಜಾಡಿಯ ಮೇಲೆ ಹೊದಿಸಿ, ಅದರೊಳಗೆ ಸ್ಪ್ಯಾನರ್ ತೂರಿಸಿ ಮುಚ್ಚಳ ಸಡಿಲಿಸಿದರು. ಉಸ್ಸೆಂದು ಗಾಳಿ ಹೋಯಿತು. ಮಿಕ್ಕ ಜಾಡಿಗಳು ಉಳಿದವು.

"ಇದು ಉಸಿರಾಡ್ಬೇಕು ಭಾವ," ಎಂದರು, ಮೆಲ್ಲಗೆ. ನಗಲಿಲ್ಲ. ನಕ್ಕಿದ್ದರೆ ದೊಡ್ಡ ಭಾವ ಕ್ಷಮಿಸುತ್ತಿದ್ದರೋ ಏನೋ.

ಅಲ್ಲಿಂದ ಮುಂದೆ ಷೆಡ್ಡಿಗೆ ಯಾರನ್ನೂ ಬಿಟ್ಟುಕೊಳ್ಳಲಿಲ್ಲ. ಕೊಳವೆಗಳನ್ನು ತಾವೇ ಮತ್ತೆ ಸಿಕ್ಕಿಸಿದರು, ಆ ಗುಳುಕ್ ಸದ್ದನ್ನು ಹಲ್ಲುಕಚ್ಚಿ ಸಹಿಸಿದರು. ರಸ ಸೋಸಿದರು. ತಳದಲ್ಲಿ ಮಡ್ಡಿ ನಿಂತಾಗಲೆಲ್ಲ ತಿಳಿಯನ್ನು ಬೇರೆ ಜಾಡಿಗೆ ಇಳಿಸಿದರು. ಬೇಸಿಗೆಯಲ್ಲಿ ಬಾಗಿಲಿಗೆ ಒದ್ದೆ ಗೋಣಿ ಕಟ್ಟಿ, ಒಣಗಿದ ಹಾಗೆಲ್ಲ ನೀರು ಚಿಮುಕಿಸಿದರು. ಬಾಟಲಿಗೆ ತುಂಬಿ ಪೈಪಿನ ಗೂಡಿನಲ್ಲಿ ಮಲಗಿಸಿದರು. ಸಣ್ಣ ಭಾವ ಬಂದ ದಿನ ಷೆಡ್ಡಿಗೆ ಬೀಗ ಬೀಳುತ್ತಿತ್ತು.

ವರ್ಷ ತಿರುಗಿದ ಮೇಲೆ ಒಂದು ಭಾನುವಾರ ಎಲ್ಲರನ್ನೂ ಊಟಕ್ಕೆ ಕರೆದರು. ಇಸ್ತ್ರಿ ಮಾಡಿದ ಅಂಗಿ, ಬ್ರಷ್ ಹಾಕಿ ಉಜ್ಜಿದ ಉಗುರು. ಮೊದಲ ಲೋಟ ಅಕ್ಕನಿಗೆ ಬಗ್ಗಿಸಿ, ಬಾಟಲಿ ಹಿಡಿದುಕೊಂಡೇ ಅವಳ ಮುಂದೆ ನಿಂತರು.

ಅಕ್ಕ ಒಂದು ಗುಟುಕು ಕುಡಿದಳು. ಇನ್ನೊಂದು ಕುಡಿದಳು.

"ಅರೆ, ಚೆನ್ನಾಗಿದೆಯಲ್ಲ," ಎಂದಳು. ಆಮೇಲೆ ಸಣ್ಣ ಭಾವನ ಕಡೆ ತಿರುಗಿದಳು. "ಅವತ್ತು ನಿಮ್ಮ ಕೈ ಬಿದ್ದಿದ್ದು ಒಳ್ಳೇದಾಯ್ತು ನೋಡಿ."

"ಅಯ್ಯೋ ಅತ್ತಿಗೆ, ನಾನು ಮುಚ್ಚಳ ತೆಗೆದಿದ್ದು ಅಷ್ಟೇ. ಮಿಕ್ಕಿದ್ದೆಲ್ಲ ಭಾವಂದೇ."

"ಎಂಥ ದೊಡ್ಡ ಮನಸ್ಸು ನೋಡೋ," ಎಂದಳು ಅಕ್ಕ ನನಗೆ.

ನಾನೂ ಕುಡಿದೆ. ನಿಜವಾಗಿಯೂ ಚೆನ್ನಾಗಿತ್ತು, ಮೆಟ್ಟಿಲ ಕೆಳಗಿನದಕ್ಕಿಂತ ಚೆನ್ನಾಗಿತ್ತು. ದೊಡ್ಡ ಭಾವ ಬಾಟಲಿಯನ್ನು ಮೇಜಿನ ಮೇಲಿಟ್ಟು ಕೂತರು.

"ಹೊಟ್ಟೆ ಉರಿಯುತ್ತೆ ಕಣೆ," ಎಂದರು. ತಮಾಷೆ ಎಂದುಕೊಂಡು ಸಣ್ಣಕ್ಕ ನಕ್ಕಳು. ಭಾವ ನಗಲಿಲ್ಲ. "ಮುಚ್ಚುಮರೆ ಯಾಕೆ? ನೀನು ಇವನನ್ನ ಹೊಗಳಿದಾಗೆಲ್ಲ ನನಗೆ ಉರಿಯುತ್ತೆ. ಆ ಷೆಡ್ಡು ಕಟ್ಟಿದ್ದೂ ಅದಕ್ಕೇ. ನನ್ನ ಕೈ ಚೆನ್ನಾಗಿದೆ ಅಂತ ಒಂದು ಮಾತು ಹೇಳೋಕೆ ನಿನಗೇನು ಕಷ್ಟ?"

ಸಣ್ಣ ಭಾವ ತಲೆ ತಗ್ಗಿಸಿ ತಟ್ಟೆ ನೋಡತೊಡಗಿದರು.

"ಇದೇನ್ರೀ, ಚಿಕ್ಕ ಮಕ್ಕಳ ಹಾಗೆ," ಎಂದಳು ಅಕ್ಕ. "ಇಷ್ಟು ವರ್ಷದಲ್ಲಿ ಈ ಮನೇಲಿ ಒಂದು ನಲ್ಲಿ ತೊಟ್ಟಿಕ್ಕಿಲ್ಲ. ಒಂದು ದಿನ ನೀರಿಗೆ ತೊಂದರೆ ಆಗಿಲ್ಲ. ಅದೆಲ್ಲ ನನಗೆ ಗೊತ್ತಿಲ್ವಾ? ಕಟ್ಟಿಕೊಂಡ ಗಂಡನಿಗೆ ಅದನ್ನ ಯಾರಾದ್ರೂ ಬಾಯಿಬಿಟ್ಟು ಹೇಳ್ತಾರಾ?"

"ಹೇಳ್ಬಹುದಿತ್ತಲ್ಲ," ಎಂದರು ಭಾವ.

ಅಕ್ಕ ಲೋಟ ಕೆಳಗಿಟ್ಟಳು. ಸೆರಗಿನ ಅಂಚು ಸವರಿದಳು.

"ಹೇಳ್ಬಹುದಿತ್ತು," ಎಂದಳು.

ಭಾವ ಕಾದರು. ನಾವೆಲ್ಲ ಕಾದೆವು. ಅಕ್ಕ ಎದ್ದು ಎಲ್ಲರ ತಟ್ಟೆ ತೆಗೆಯತೊಡಗಿದಳು.