ಮಾಳಿಗೆಯಿಂದ ಬರುವ ಅರ್ಜಿ

ಸಕ್ಕರೆ ಗೊಂಬೆಯ ಪಾಕ ಒಲೆಯಿಂದ ಇಳಿಸುವ ಹೊತ್ತಿಗೆ ಸರಿಯಾಗಿ ನನ್ನ ಫೋನು ಟಿಣ್ ಅಂತು. ಹುಡುಗಿಯರು ಸಕ್ಕರೆ ಗೊಂಬೆಯ ಆರತಿ ಹಿಡಿದು ಗೌರವ್ವನನ್ನು ಬೆಳಗುವ ಗೌರಿ ಹುಣ್ಣಿಮೆ ಹತ್ತಿರ ಬಂದಿತ್ತು. ನೀರಲ್ಲಿ ನೆನೆಸಿದ ಕಟ್ಟಿಗೆಯ ಅಚ್ಚುಗಳನ್ನು, ಆನೆ, ಬಸವಣ್ಣ, ಗೌರವ್ವ, ಎಲ್ಲವನ್ನೂ ಮಗ್ಗದ ಹಾಳು ನೂಲಿನಿಂದ ಬಿಗಿದು ಸಾಲಾಗಿ ನಿಲ್ಲಿಸಿದ್ದೆ. ಬನಹಟ್ಟಿಯ ನೇಕಾರರ ಮನೆಯಲ್ಲಿ ಯಾವುದಕ್ಕೆ ಕೊರತೆಯಾದರೂ ಕಟ್ಟುವ ದಾರಕ್ಕೆ ಆಗುವುದಿಲ್ಲ. ಅದೂ ದೇವರ ದಯೆಯೇ ಎಂದು ನಾನು ಲೆಕ್ಕಕ್ಕೆ ಹಿಡಿಯುತ್ತೇನೆ. ಪಾಕದ ಸ್ವಭಾವ ನಿಮಗೆ ಗೊತ್ತಲ್ಲ, ಸ್ವಲ್ಪ ಅತ್ತ ನೋಡಿದರೆ ಪಾತ್ರೆಯಲ್ಲೇ ಕಲ್ಲಾಗಿ ಕೂಡುತ್ತದೆ. ಆದರೂ ಫೋನು ನೋಡಿದೆ. ಆ ಟಿಣ್ ಬೇರೆ ಯಾರದ್ದೂ ಅಲ್ಲ, ಮಾಳಿಗೆಯ ಮೇಲೆ ಓದುತ್ತ ಕೂತ ನನ್ನ ಮಗಳು ದಾನುವಿನದು.

ದಾನು ಈಗ ಹತ್ತನೆಯ ಇಯತ್ತೆ. ಸಾಲಿಯ ಪಾಠಕ್ಕೆಂದು ಆಕೆಯ ಕೈಗೊಂದು ಫೋನು ಬಂತು, ಅದರ ಹಿಂದೆಯೇ ನಮ್ಮ ಎದೆಗೊಂದು ಅಂಜಿಕೆ ಬಂತು. ಮುಧೋಳದಿಂದ ನನ್ನ ತಮ್ಮ ಬಂದವನು ಎರಡೂ ಫೋನು ಮುಂದಿಟ್ಟುಕೊಂಡು ಏನೇನೋ ಒತ್ತಿ ಒಂದು ಆ್ಯಪ್ ಹಾಕಿಕೊಟ್ಟ. "ಅಕ್ಕಾ, ಇನ್ನ ಚಿಂತಿ ಬಿಡು. ಆಕಿ ಏನ್ ನೋಡ್ತಾಳ, ಎಷ್ಟೊತ್ತು ನೋಡ್ತಾಳ, ಎಲ್ಲಾ ನಿನಗ ಕುಂತಲ್ಲೇ ತಿಳೀತೈತಿ" ಅಂದ. ನನಗೆ ಛಲೋನೇ ಅನ್ನಿಸಿತು. ನಮ್ಮ ಮನೆಯ ಮುಂದಿನ ಪಡಸಾಲೆಯಲ್ಲಿ ವಿದ್ಯುತ್ ಮಗ್ಗಗಳು ದಡಬಡ ಅನ್ನುತ್ತಲೇ ಇರುತ್ತವೆ. ಮಾಳಿಗೆಯ ಮೇಲಿನವರನ್ನು ಕೂಗಿ ಕರೆದರೆ ನಮ್ಮ ಗಂಟಲೇ ಹರಿಯಬೇಕು.

ಆಮೇಲೆ ಅರ್ಜಿಗಳು ಬರತೊಡಗಿದವು. ಹೊತ್ತು ಮುಗಿದ ಕೂಡಲೇ ಆಕೆಯ ಫೋನು ತಾನೇ ಬಾಗಿಲು ಹಾಕಿಕೊಳ್ಳುತ್ತದೆ. ಆಕೆ ಇನ್ನಷ್ಟು ಹೊತ್ತು ಕೇಳುತ್ತಾಳೆ. ಆ ಕೇಳಿಕೆ ಎಲ್ಲೋ ಆಕಾಶ ಸುತ್ತಿ ಬಂದು ನನ್ನ ಹಿಟ್ಟಿನ ಕೈಗೆ ಬೀಳುತ್ತದೆ. ಒಪ್ಪಿಗೆ ಎಂದು ಒತ್ತಬೇಕು, ಇಲ್ಲವೇ ಬೇಡ ಎಂದು. ದಿನಾ ದೇವರ ಮುಂದೆ ಕೈಯೊಡ್ಡುವ ಹೆಂಗಸಿಗೆ ಒಮ್ಮೆಗೇ ವರ ಕೊಡುವ ಕೆಲಸ ಸಿಕ್ಕರೆ ತಲೆ ತಿರುಗುತ್ತದೆ ನೋಡಿ. ಮೊದಮೊದಲು ನಾನು ಬೇಕೆಂದೇ ತಡ ಮಾಡುತ್ತಿದ್ದೆ. ಒಗ್ಗರಣೆ ಹಾಕಿ, ಒಲೆ ಒರೆಸಿ, ಆಮೇಲೆ ಒಪ್ಪಿಗೆ. ದೇವರೂ ನನ್ನ ಬೇಡಿಕೆಗಳನ್ನು ಹೀಗೆಯೇ ಒಲೆಯ ಬದಿಗೆ ಇಟ್ಟಿರಬಹುದೇ ಎಂಬ ಅನುಮಾನವೂ ಬಂತು.

ನನ್ನ ತವರು ಚಿಮ್ಮಡದಲ್ಲಿ ಟೀವಿಗೆ ಕಟ್ಟಿಗೆಯ ಪೆಟ್ಟಿಗೆ ಇತ್ತು, ಅದಕ್ಕೆ ಬಾಗಿಲು, ಬಾಗಿಲಿಗೆ ಕೀಲಿ. ಕೀಲಿಕೈ ಅಜ್ಜಿಯ, ಅಂದರೆ ನಮ್ಮ ಆಯಿಯ ನಡುವಿನಲ್ಲಿ. ಬೇಕೆಂದರೆ ಆಯಿಯ ಮುಂದೆ ಹೋಗಿ ನಿಲ್ಲಲೇಬೇಕು. ಆಕೆ ಮುಖ ನೋಡಿ "ಉಂಡೀಯೇನ? ಕಣ್ಣ್ಯಾಕ ಕೆಂಪಾಗ್ಯಾವ? ಯಾರ ಕೂಡ ಜಗಳಾಡಿದಿ?" ಎಂದು ಕೇಳಿ, ಉತ್ತರ ಸಿಕ್ಕ ಮೇಲೆ ಕೀಲಿ ಬಿಚ್ಚುತ್ತಿದ್ದಳು. ಟೀವಿ ನೋಡುವ ಮೊದಲು ಆಕೆ ನಮ್ಮನ್ನು ನೋಡಿಬಿಡುತ್ತಿದ್ದಳು. ಆ ಕೀಲಿಯ ಬೆಲೆ ನನಗೆ ತಿಳಿದದ್ದು ಈ ಪಾಕದ ದಿನವೇ.

ಅಂದು ಬಂದದ್ದು ಅರ್ಜಿಯಲ್ಲ, ಎಚ್ಚರಿಕೆ. ನಿಮ್ಮ ಮಗು ನಿರ್ಬಂಧಿತ ವಿಷಯ ಹುಡುಕಿದೆ, ತಡೆಯಲಾಗಿದೆ ಎಂದಿತ್ತು. ಕೆಳಗೆ ಎರಡೇ ಶಬ್ದ, ಮುಟ್ಟು ಮತ್ತು ಗುಳಿಗೆ. ಹೆಣ್ಣು ಹೆತ್ತವರ ತಲೆ ಆ ಎರಡು ಶಬ್ದದಿಂದ ಎಲ್ಲಿಗೆ ಓಡುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಅಷ್ಟರಲ್ಲಿ ನಮ್ಮನೆಯವರು ತಲೆಯ ಮೇಲೆಲ್ಲ ಹತ್ತಿಯ ಧೂಳು ಹೊತ್ತು ಅಡುಗೆಮನೆ ಬಾಗಿಲಿಗೆ ಬಂದರು. "ಏನ ಅದು, ಮತ್ತ ಟೈಮ್ ಕೇಳಾಕತ್ತಾಳೇನ? ಹೂಂ ಅನ್ನಬ್ಯಾಡ. ಏನರೆ ಹೆಚ್ಚುಕಡಿಮಿ ಇದ್ರ ಹೇಳು, ಫೋನ ಕಸ್ಗೊಂಡು ಸಾಲಿನೂ ಸಾಕಂತ ಮನ್ಯಾಗ ಕುಂದ್ರಸ್ತೇನಿ."

"ಏನಿಲ್ರಿ, ಪಾಕ ನೋಡಾಕತ್ತಿದ್ದೆ" ಅಂದು ಫೋನು ಬೋರಲಾಗಿ ಇಟ್ಟೆ. ಅವರು ಕೋಪದಲ್ಲಿ ಆಡುವ ಮಾತು ಅರ್ಧ ಗಾಳಿ ಎಂದು ನನಗೆ ಗೊತ್ತು. ಆದರೆ ಉಳಿದ ಅರ್ಧಕ್ಕೆ ಹುಡುಗಿಯ ಓದು ನಿಂತುಹೋಗಬಾರದಲ್ಲ. ಮಗ್ಗದ ಕಡೆ ಅವರು ಹೊರಳಿದ್ದೇ ತಡ, ನಾನು ಮೆಟ್ಟಿಲು ಹತ್ತಿದೆ.

ದಾನು ನನ್ನ ಮುಖ ನೋಡಿಯೇ ಕಂಪಾಸ್ ಪೆಟ್ಟಿಗೆ ತೆರೆದು ಒಂದು ಗುಳಿಗೆ ಪಟ್ಟಿ ಮುಂದಿಟ್ಟಳು. ಒಂದೂ ಬಿಚ್ಚಿರಲಿಲ್ಲ. ಗೆಳತಿ ಕೊಟ್ಟದ್ದಂತೆ, ಮುಟ್ಟನ್ನು ಮುಂದೆ ಹಾಕುವ ಗುಳಿಗೆ.

"ಹುಣ್ಣಿವಿ ದಿನಾನ ನನ್ನ ತಾರೀಖು ಬರತೈತಿ ಯವ್ವಾ. ಹೋದ ವರ್ಷ ನೀ ಗೊಂಬಿ ಮಾಡಿದಿ, ನಾ ಹೊರಗ ನಿಂತೆ, ಆರತಿ ಬಾಜು ಮನಿ ಹುಡುಗಿ ಹಿಡದ್ಲು. ನೀ ಸೆರಗ ಬಾಯಾಗಿಟ್ಕೊಂಡು ಅತ್ತಿ. ಈ ಸಲ ಹಂಗಾಗಬಾರದಂತ."

"ನನ್ನ ಕೇಳಬಾರದೇನ?"

"ನಿನ್ನ ಕೇಳಿದ್ರ ಬೈತಿ. ನುಂಗಿದ್ರ ಏನರೆ ಅಪಾಯ ಐತೇನಂತ ಫೋನಿಗೆ ಕೇಳಿದೆ. ಅದು ಉತ್ತರಾ ಕೊಡೋದ ಬಿಟ್ಟು ನಿನಗ ಚಾಡಿ ಹೇಳ್ತು."

ಗುಳಿಗೆ ಆಕೆಯ ಕೈಗೆ ಸರಾಗವಾಗಿ ಸಿಕ್ಕಿತ್ತು. ಆ ಆ್ಯಪ್ ತಡೆದದ್ದು ಗುಳಿಗೆಯನ್ನಲ್ಲ, ಅದರ ಬಗ್ಗೆ ತಿಳಿದುಕೊಳ್ಳುವುದನ್ನು. ಇನ್ನು ಆಕೆಗೆ ಆ ಗುಳಿಗೆ ಬೇಕಾಗುವಂತೆ ಮಾಡಿದ ಕಟ್ಟು, ಆ ದಿನಗಳಲ್ಲಿ ದೇವರ ಜಗಲಿ ಮುಟ್ಟಬಾರದು, ಆರತಿ ಹಿಡಿಯಬಾರದು ಎಂಬುದು, ಯಾವ ತಮ್ಮನೂ ಬಂದು ಹಾಕಿಕೊಟ್ಟದ್ದಲ್ಲ. ನನ್ನ ಅತ್ತೆಗೆ ಅವರ ಅತ್ತೆಯಿಂದ, ನನಗೆ ಅತ್ತೆಯಿಂದ ಬಂದದ್ದು. ಅದಕ್ಕೆ ಒಪ್ಪಿಗೆ ಕೇಳುವ ಗುಂಡಿಯೇ ಇರಲಿಲ್ಲ. ಯಾರೂ ಕೇಳಿರಲೂ ಇಲ್ಲ.

"ಬಂದ್ರ ಬರ್ಲಿ, ಬಿಟ್ರ ಬಿಡ್ಲಿ. ಈ ಸಲ ಆರತಿ ನೀನ ಹಿಡಿ" ಅಂದೆ. ಅಂದ ಮೇಲೆ ನನಗೇ ಗಾಬರಿಯಾಯಿತು.

"ದೇವ್ರು?"

"ದೇವ್ರ ಕೂಡ ನಾ ಮಾತಾಡ್ತೇನಿ."

"ಅಪ್ಪಾ?"

ಅದು ಸ್ವಲ್ಪ ಕಷ್ಟದ್ದು. ದೇವರಾದರೆ ಸುಮ್ಮನೆ ಕೇಳಿಸಿಕೊಳ್ಳುತ್ತಾನೆ, ಇವರಿಗೆ ಮಗ್ಗ ನಿಲ್ಲಿಸಿ ಹೇಳಬೇಕು. ಗುಳಿಗೆ ಪಟ್ಟಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು "ಅವರ ಕೂಡನೂ ನಾನ ಮಾತಾಡ್ತೇನಿ" ಅಂದು ಇಳಿದುಬಂದೆ.

ಇಳಿಯುವಾಗ ಒಂದು ವಿಚಾರ ಬಂತು. ದೇವರು ಎಲ್ಲವನ್ನೂ ನೋಡುತ್ತಾನೆ ಎಂದು ನಾನು ಸಣ್ಣವಳಿದ್ದಾಗಿನಿಂದ ನಂಬಿದವಳು. ನನ್ನ ಮನಸ್ಸಿನಲ್ಲಿ ಏನೇನು ಹಾದುಹೋಯಿತು, ಎಷ್ಟು ಹೊತ್ತು ಹಾದುಹೋಯಿತು, ಎಲ್ಲವೂ ಅವನಿಗೆ ಗೊತ್ತು. ಆದರೆ ಇಂದಿನವರೆಗೆ ಅವನು ನನ್ನ ಗಂಡನಿಗಾಗಲೀ ಅತ್ತೆಗಾಗಲೀ ಒಂದು ವರದಿ ಕಳಿಸಿದವನಲ್ಲ. ಕಂಡದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದಾನೆ. ಇಷ್ಟು ವರ್ಷ ಅವನ ದಯೆಗಳನ್ನು ಎಣಿಸುತ್ತ ಬಂದವಳಿಗೆ ಇದನ್ನು ಎಣಿಸುವುದು ಹೊಳೆದೇ ಇರಲಿಲ್ಲ. ಫೋನು ಬೋರಲು ಹಾಕಿದಾಗ ನಾನೂ ಅವನದೇ ಕೆಲಸವನ್ನು ಚೂರು ಮಾಡಿದೆನೇನೋ.

ಆ್ಯಪ್ ತೆಗೆದುಹಾಕಿದೆ ಎಂದು ಬರೆದರೆ ಸುಳ್ಳಾದೀತು. ಅದು ಇದೆ, ಇರಲಿ. ಹೊರಗಿನ ಹೊಲಸು ಎಷ್ಟಿದೆ ಎಂದು ನನಗೂ ತಿಳಿಯುತ್ತದೆ.

ಕೆಳಗೆ ಪಾಕ ಕಲ್ಲಾಗಿ ಕೂತಿತ್ತು, ಸೌಟು ಅದರ ನಡುವೆ ನೆಟ್ಟ ಕಂಬ. ಪುಣ್ಯಕ್ಕೆ ಸಕ್ಕರೆ ಹಟಮಾರಿಯಲ್ಲ. ನೀರು ಸುರುವಿ ಉರಿ ಹಚ್ಚಿದರೆ ಮತ್ತೆ ಕರಗಿ ಮತ್ತೆ ಪಾಕವಾಗುತ್ತದೆ. ನೀರು ಹಾಕಿ ಒಲೆಗಿಟ್ಟೆ. ಅಷ್ಟರಲ್ಲಿ ಫೋನು ಟಿಣ್ ಅಂತು. ದಾನು ಇನ್ನಷ್ಟು ಹೊತ್ತು ಕೇಳುತ್ತಿದ್ದಾಳೆ.

ಗುಂಡಿ ಒತ್ತಲಿಲ್ಲ. ಮಗ್ಗದ ಸದ್ದನ್ನು ಮೀರುವಂತೆ ಗಂಟಲು ಹರಿದುಕೊಂಡು ಕೂಗಿದೆ, "ಕೆಳಗ ಬಂದು ಕೇಳ ಬೇ!"

ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ಬಂದವಳ ಮುಖ ನೋಡಿದೆ. ಕಣ್ಣು ಕೆಂಪಾಗಿತ್ತು. "ಉಂಡೀಯೇನ?" ಅಂದು ಗೌರವ್ವನ ಅಚ್ಚನ್ನು ಆಕೆಯ ಕೈಗೆ ಕೊಟ್ಟು, ಗಟ್ಟಿಯಾಗಿ ಹಿಡಿ ಎಂದು ಹೇಳಿ, ಪಾಕ ತಿರುವತೊಡಗಿದೆ.