ವಿಭೂತಿ ಡಬ್ಬಿಯ ಗುಳಿಗೆ

ಅವರ ಬಲ ಹೆಬ್ಬೆರಳಿನ ಮೇಲೊಂದು ಸುಟ್ಟ ಕಲೆಯಿತ್ತು. ಸೂಜಿ ತೆಗೆದ ಜಾಗಕ್ಕೆ ಹತ್ತಿಯಿಟ್ಟು ಆ ಬೆರಳಿನಿಂದ ಒತ್ತಿ ಹಿಡಿದು, ತುಟಿಯಲ್ಲೇ ‘ಓಂ ನಮಃ ಶಿವಾಯ’ ಎಣಿಸುತ್ತಿದ್ದರು. ಹುಬ್ಬಳ್ಳಿಯ ದವಾಖಾನೆಯೊಂದರಲ್ಲಿ ರಕ್ತ ಪರೀಕ್ಷೆ ಮಾಡುತ್ತಿದ್ದ ಅವರು ಎಲ್ಲರಿಗೂ ಕಾಕಾ.

ತೊಂಬತ್ತರ ದಶಕದ ಕೊನೆ. ಹಲ್ಲು ಕೀಳಿಸಿದಾಗ ನನ್ನ ಮಗಳಿಗೆ ಎರಡು ದಿನ ರಕ್ತ ನಿಂತಿರಲಿಲ್ಲ. ಈಗ ಟಾನ್ಸಿಲ್ ಆಪರೇಷನ್ ಆಗಬೇಕಿತ್ತು. ಪ್ಲೇಟ್‌ಲೆಟ್ ಎಣಿಕೆ ಸರಿಯಿದ್ದರೂ, ಅವು ಒಂದಕ್ಕೊಂದು ಅಂಟುತ್ತವೆಯೇ ಎಂದು ನೋಡದೆ ಕತ್ತರಿ ಹಿಡಿಯಲಾರೆ ಎಂದರು ಡಾಕ್ಟರು.

“ಹತ್ತ ದಿನದಾಗ ಏನರ ಗುಳಿಗಿ ನುಂಗ್ಯಾಳೇನ್ರಿ?” ಕಾಕಾ ಕೇಳಿದರು.

“ಇಲ್ರಿ,” ಅಂದೆ.

ರಕ್ತದಿಂದ ಬೇರ್ಪಡಿಸಿದ ಮಬ್ಬು ನೀರನ್ನು ಯಂತ್ರದಲ್ಲಿಟ್ಟು ಔಷಧದ ಹನಿ ಬಿಟ್ಟರು. “ಹಾಲು ಒಡದ್ರ ನೀರು ತಿಳಿ ಆಗ್ತೈತಲ್ರಿ, ಹಂಗ. ಪ್ಲೇಟ್‌ಲೆಟ್ ಗಂಟು ಕಟ್ಟಿದ್ರ ಬೆಳಕು ದಾಟ್ತೈತಿ, ಕಾಗದದಾಗ ಗೆರಿ ಎಳ್ಯೂ ಪೆನ್ನು ಮ್ಯಾಲ ಏರ್ತೈತಿ.”

ಪೆನ್ನು ತುಸು ಏರಿ, ಮತ್ತೆ ಇಳಿಯಿತು. ಅಂದರೆ ಗಂಟು ನಿಲ್ಲಲಿಲ್ಲ.

ಕಾಕಾ ಆ ಕಾಗದವನ್ನು ಕೊಡಲಿಲ್ಲ. “ಅವ್ವಾರ, ಮಗಳು ತಲಿನೋವು ಅಂದ್ರ ಏನ ಮಾಡ್ತೀರಿ?”

“ಗ್ವಾಡ್ಯಾಗಿನ ದೇವರ ಮಾಡದಾಗ ವಿಭೂತಿ ಡಬ್ಬಿ ಐತ್ರಿ, ಹಚ್ಚತೇನಿ. ಅದರಾಗಿಂದ ಅಂಗಡಿ ಗುಳಿಗಿನೂ ಒಂದ ಕೊಡ್ತೇನ್ರಿ.”

“ಅದು ಗುಳಿಗಿ ಅಲ್ಲೇನು?”

“ಶಿವನ ಹೆಸರ ಹೇಳಿ ಕೊಡ್ತೇನಲ್ರಿ...”

“ಯಾರ ಹೆಸರ ಹೇಳಿದ್ರೂ, ಹೊಟ್ಯಾಗ ಹೋದ ಮ್ಯಾಲ ಗುಳಿಗಿ ಗುಳಿಗೀನ! ಯಾವಾಗ ಕೊಟ್ರಿ?”

“ಮೊನ್ನಿ ಸೋಮವಾರ.”

“ಹಲ್ಲ ಕೀಳಸೂ ಮುಂದನೂ ಕೊಟ್ಟಿದ್ರೇನು?”

ಸೆರಗನ್ನು ಬಾಯಿಗೊತ್ತಿಕೊಂಡೆ. ಆಗಲೂ ಹಲ್ಲುನೋವಿಗೆಂದು ಮೂರು ದಿನ ಕೊಟ್ಟಿದ್ದೆ.

ಬೈಯುತ್ತಾರೆಂದುಕೊಂಡೆ. ಅವರು ದನಿ ಇಳಿಸಿದರು. “ಆ ಗುಳಿಗಿ ಪ್ಲೇಟ್‌ಲೆಟ್ಟಿನ ಅಂಟು ಬಿಡಸ್ತೈತ್ರಿ. ಅದ ಕಾರಣ ಇದ್ದೀತು. ಖರೇ ತಿಳೀಬೇಕಂದ್ರ ಎರಡ ವಾರ ಬಿಟ್ಟ ಬರ್ರಿ. ವಿಭೂತಿ ಇರ್ಲಿ, ಗುಳಿಗಿ ತಗೀರಿ.” ಡಾಕ್ಟರಿಗೂ ತಾವೇ ಹೋಗಿ ತಿಳಿಸಿದರು.

ಆ ಎರಡು ವಾರ ಮಗಳು ಬಾಯಿ ಮುಕ್ಕಳಿಸಿ ಉಗುಳಿದ ನೀರನ್ನೂ ರಕ್ತವಿದೆಯೇ ಎಂದು ಬಗ್ಗಿ ನೋಡಿದೆ.

ಎರಡನೆಯ ಸಲ ಪೆನ್ನು ಏರಿತು. ಏರುತ್ತಲೇ ಹೋಯಿತು, ಇಳಿಯಲಿಲ್ಲ. ಕಾಕಾ ಉದ್ದನೆಯ ಉಸಿರು ಬಿಟ್ಟು ಕುರ್ಚಿಗೆ ಒರಗಿದರು. ಅವರೂ ಹೆದರಿದ್ದರೆಂದು ಆಗ ತಿಳಿಯಿತು.

ಆಪರೇಷನ್ ಸುಸೂತ್ರವಾಯಿತು. ಶಿವ ಕಾಯ್ದ, ಆದರೆ ಗುಳಿಗೆಯ ಪ್ರಶ್ನೆಯನ್ನು ಎರಡನೇ ಸಲ ಕೇಳಿದವರು ಕಾಕಾ.

ಕೆಲವು ವರ್ಷಗಳ ಮೇಲೆ ಅವರು ಲಿಂಗೈಕ್ಯರಾದ ಸುದ್ದಿ ಬಂತು. ದೇವರ ಮಾಡದಿಂದ ಡಬ್ಬಿ ತೆಗೆದೆ. ಅದರಲ್ಲೀಗ ಬರೀ ವಿಭೂತಿ. ಹಣೆಗೆ ಧರಿಸಿ, ಅವರು ಹತ್ತಿ ಒತ್ತಿ ಹಿಡಿಯುತ್ತಿದ್ದಷ್ಟು ಹೊತ್ತು ಅಲ್ಲೇ ನಿಂತು ‘ಓಂ ನಮಃ ಶಿವಾಯ’ ಎಣಿಸಿದೆ.