ಗಿರಿಜಕ್ಕನ ನಿಂಬೆಹಣ್ಣು

ಇವತ್ತು ಬೆಳಿಗ್ಗೆ ಬ್ಯಾಗಿನಲ್ಲಿ ಐಡಿ ಕಾರ್ಡಿಗಾಗಿ ತಡಕಾಡುವಾಗ ಉಗುರು ನಿಂಬೆಹಣ್ಣಿನ ಸಿಪ್ಪೆಗೆ ತಾಗಿ ಘಮ್ಮೆಂದಿತು. ನಿಂಬೆಯ ಪರಿಮಳಕ್ಕೆ ನಿಮಗೆ ಶರಬತ್ತು ನೆನಪಾಗಬಹುದು. ನನಗೆ ನೆನಪಾಗುವುದು ಆಸ್ಪತ್ರೆಯ ವ್ಯಾನು, ಅದರಲ್ಲಿ ಗಿರಿಜಕ್ಕ.

ಅಬುಧಾಬಿಯ ಆಸ್ಪತ್ರೆಯೊಂದರಲ್ಲಿ ನಾನು ಬಿಲ್ಲಿಂಗ್ ಕ್ಲಾರ್ಕು. ಕಾರ್ಕಳದ ಗಿರಿಜಕ್ಕ ಅಲ್ಲೇ ಕ್ಲೀನಿಂಗಿನಲ್ಲಿದ್ದರು. ಇಬ್ಬರಿಗೂ ನಗರದ ಹೊರಗಿನ ಮುಸಫ್ಫಾದಲ್ಲಿ ವಸತಿ. ವ್ಯಾನಿನ ಮುಂದಿನ ಸೀಟುಗಳು ನರ್ಸುಗಳಿಗೆ ಮತ್ತು ನಮ್ಮಂಥ ಕಂಪ್ಯೂಟರ್ ಕುಟ್ಟುವವರಿಗೆ, ಹಿಂದಿನವು ಕ್ಲೀನಿಂಗಿನವರಿಗೆ. ಹಾಗೆಂದು ಯಾರೂ ಬರೆದಿರಲಿಲ್ಲ, ಆದರೆ ಎಲ್ಲರಿಗೂ ಗೊತ್ತಿತ್ತು. ಹಿಂದೆ ಎಸಿ ಗಾಳಿ ತಲುಪುತ್ತಿರಲಿಲ್ಲ. ಗಿರಿಜಕ್ಕ ನಿಂಬೆಹಣ್ಣನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚಿ ಕೂರುತ್ತಿದ್ದರು, ಇಳಿದ ಕೂಡಲೇ ವಾಂತಿ. ದಿನಾ ಹೀಗಾದರೆ ಊರಿಗೆ ಕಳಿಸಬೇಕಾಗುತ್ತದೆ ಎಂದು ಸೂಪರ್‌ವೈಸರ್ ಹೇಳಿಯೂ ಆಗಿತ್ತು.

ಆಗ ಬಂದವರು ಡೋರಿಸ್, ಅಮೆರಿಕದ ಕಪ್ಪು ಜನಾಂಗದ ಹಿರಿಯ ನರ್ಸ್. ಸ್ವಂತ ಕಾರು ಆಗುವವರೆಗೆ ನಮ್ಮ ವ್ಯಾನಿನಲ್ಲೇ ಬರುತ್ತಿದ್ದರು. ಒಂದು ಬೆಳಿಗ್ಗೆ ಗಿರಿಜಕ್ಕನ ಅವಸ್ಥೆ ನೋಡಿ ಅವರು ತಮ್ಮ ಅಜ್ಜಿಯ ಕಥೆ ಹೇಳಿದರು, ನಾನು ಕನ್ನಡಕ್ಕೆ ದಾಟಿಸಿದೆ. ಅಜ್ಜಿಯ ಊರಿನ ಬಸ್ಸುಗಳಲ್ಲಿ ಕಪ್ಪು ಜನರು ಹಿಂದೆಯೇ ಕೂರಬೇಕಿತ್ತಂತೆ. ಒಂದು ದಿನ ಅವರೆಲ್ಲ ಬಸ್ಸು ಹತ್ತುವುದನ್ನೇ ಬಿಟ್ಟರಂತೆ. ಮನೆಮನೆಯ ಬಟ್ಟೆ ಒಗೆಯುತ್ತಿದ್ದ ಅಜ್ಜಿಯೂ, ಆ ನಿಯಮ ಹೋಗುವ ತನಕ, ಕೆಲಸಕ್ಕೆ ನಡೆದೇ ಹೋದರಂತೆ. ಇಷ್ಟು ಹೇಳಿ ಡೋರಿಸ್ ಎದ್ದು ನಿಂತು ಗಿರಿಜಕ್ಕನಿಗೆ ತಮ್ಮ ಮುಂದಿನ ಸೀಟು ತೋರಿಸಿದರು.

ಗಿರಿಜಕ್ಕ ಅಲುಗಲಿಲ್ಲ. "ನೀವು ಎದ್ದು ಕೊಟ್ರೆ ಅದು ನಿಮ್ಮದೇ ಸೀಟು ಅಮ್ಮ. ನಾಳೆ ನೀವು ಇಲ್ಲದಿದ್ರೆ ನಾನು ಪುನಃ ಹಿಂದೆ," ಎಂದರು. ನಾನು ನನ್ನ ಹರುಕು ಮುರುಕು ಇಂಗ್ಲಿಷಿನಲ್ಲಿ ಅದನ್ನು ದಾಟಿಸಿದೆ. ಆಮೇಲೆ ಗಿರಿಜಕ್ಕ ನನ್ನ ಕಡೆ ತಿರುಗಿದರು: "ಅವರ ಅಜ್ಜಿಗೆ ನಡೀಲಿಕ್ಕೆ ಆಯ್ತು ಮಾರಾಯ್ತಿ. ಈ ಬಿಸಿಲಿಗೆ ನಾವು ನಡೆದ್ರೆ ಖಲಾಸ್. ಬೇರೆ ದಾರಿ ನೋಡುವ."

ಮರುದಿನ ಕ್ಲೀನಿಂಗಿನವರೆಲ್ಲ ಬೇಗ ಬಂದು ವ್ಯಾನಿನ ಬಾಗಿಲಿಗೆ ಸಾಲು ನಿಂತಿದ್ದರು. ಮೊದಲು ಬಂದವರು ಮೊದಲು ಹತ್ತುವುದು, ಇಷ್ಟೇ ಗಿರಿಜಕ್ಕನ ಕಾನೂನು. ಡೋರಿಸ್ ಸಾಲಿನ ಕೊನೆಗೆ ಹೋಗಿ ನಿಂತರು. ಕೆಲವು ನರ್ಸುಗಳು ಮುಖ ಊದಿಸಿಕೊಂಡರು. ಸುದ್ದಿ ತಿಳಿದು ಸೂಪರ್‌ವೈಸರ್ ಬಂದಾಗ ಗಿರಿಜಕ್ಕ ಡ್ರೈವರಿನ ಬೆನ್ನಿಗೇ ಇರುವ ಮುಂದಿನ ಸೀಟಿನಲ್ಲಿದ್ದರು.

"ಸೀಟಿನಲ್ಲಿ ಹೆಸರು ಬರೆದದ್ದು ಉಂಟಾ ಸರ್? ಇದ್ರೆ ತೋರಿಸಿ, ಏಳ್ತೇನೆ."

ಹೆಸರೆಲ್ಲಿತ್ತು? ಆತ ವಾಚು ನೋಡಿಕೊಂಡು, ಯಲ್ಲಾ, ಹೊರಡಿ ಎಂದ. ನನಗೆ ಆ ಹೊತ್ತು ಎಷ್ಟು ಹೆಮ್ಮೆಯಾಯಿತೆಂದರೆ, ಗೆದ್ದದ್ದು ನಾನೇ ಎಂಬಂತೆ ಬೀಗುತ್ತಾ ಕೂತಿದ್ದೆ. ಕೂತದ್ದು ಕಟ್ಟಕಡೆಯ ಸೀಟಿನಲ್ಲಿ. ಬೇಗ ಏಳುವುದು ನನ್ನ ಜಾತಕದಲ್ಲೇ ಇಲ್ಲ. ಎರಡು ಸ್ಪೀಡ್ ಬ್ರೇಕರ್ ದಾಟುವಷ್ಟರಲ್ಲಿ ಹೊಟ್ಟೆ ತೊಳಸತೊಡಗಿತು. ಮುಂದಿನಿಂದ ಕೈಯಿಂದ ಕೈಗೆ ದಾಟುತ್ತಾ ಒಂದು ನಿಂಬೆಹಣ್ಣು ನನ್ನ ಬಳಿ ಬಂತು. ಗಿರಿಜಕ್ಕ ತಿರುಗಿ ನೋಡಿ ನಗುತ್ತಿದ್ದರು.

ಅವರೀಗ ಊರಲ್ಲಿದ್ದಾರೆ. ಯಾರೂ ಕಳಿಸಿದ್ದಲ್ಲ, ಸಾಕೆನಿಸಿದಾಗ ತಾವೇ ಹೋದರು.

ಇವತ್ತು ಕಾರ್ಡು ಸಿಗುವಾಗ ತಡವಾಗಿತ್ತು. ಓಡಿ ಬಂದವಳು ನೇರ ವ್ಯಾನಿನ ಬಾಗಿಲಿಗೇ ನುಗ್ಗಿದೆ. ಕ್ಲೀನಿಂಗಿಗೆ ಹೊಸದಾಗಿ ಸೇರಿದ ನೇಪಾಳದ ಹೆಂಗಸು, ಗಿರಿಜಕ್ಕನ ಹೆಸರನ್ನೂ ಕೇಳದವಳು, ಮೆಲ್ಲಗೆ ಕೈ ಅಡ್ಡ ಹಿಡಿದಳು.

"ಮೇಡಂ, ಲೈನ್."

ಹಿಂದಿನ ಸೀಟಿನಲ್ಲಿ ಕೂತು ನಿಂಬೆಹಣ್ಣನ್ನು ಮೂಗಿಗೆ ಹಿಡಿದುಕೊಂಡೆ. ದಾರಿಯುದ್ದಕ್ಕೂ ನಗು ತಡೆಯಲಾಗಲಿಲ್ಲ.